ಗಾಲಿ, ಓರೆ ಮತ್ತು ಕೀಲು

ಕಬ್ಬು ನುರಿಸುವ ಹಂಗಾಮಿನಲ್ಲಿ ಘೋಡಗೇರಿಯ ದಾರಿಯ ಬದಿಗೆ ಅರ್ಧ ತಾಸು ನಿಂತವರಿಗೆ ಗಾಲಿಯ ಇತಿಹಾಸವೇ ಕಣ್ಣ ಮುಂದೆ ಉರುಳಿಹೋಗುವುದನ್ನು ನೋಡುವ ಅವಕಾಶವುಂಟು. ಮೊದಲು ಎತ್ತಿನ ಚಕ್ಕಡಿ. ಅದರ ಹಿಂದೆ, ಆಳೆತ್ತರಕ್ಕೂ ಮೀರಿ ಕಬ್ಬು ಹೇರಿಕೊಂಡು ತೂಗಾಡುತ್ತ ಬರುವ ಟ್ರಾಕ್ಟರಿನ ಜೋಡು ಟ್ರೇಲರುಗಳು. ಅವುಗಳನ್ನು ಹಿಂದೆ ಹಾಕಲು ಹವಣಿಸುತ್ತಿರುವ ಒಂದು ಸಣ್ಣ ಕಾರು. ಈ ಕಾರು ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದಂತೆ ಈಗ ಇಲ್ಲವೆಂಬುದು ನೋಡಿದೊಡನೆ ತಿಳಿಯುತ್ತದೆ. ಅದರ ಹೊಟ್ಟೆ ನೆಲದ ಸಮೀಪಕ್ಕೆ ಇಳಿದಿದೆ. ಗಾಲಿಗಳು ಅಗಲವಾಗಿವೆ, ಹೊಳೆಯುತ್ತಿವೆ, ಅವುಗಳ ತಲೆಗಳು ಒಳಗಡೆಗೆ ತುಸು ವಾಲಿವೆ. ಬಾನೆಟ್ಟಿನ ಮೇಲೆ ಎಡಕ್ಕೊಂದು ಬಲಕ್ಕೊಂದು ಬಿಳಿಯ ಕೀಲು ನಿಂತಿದೆ.

ಇಂತಹ ಕಾರನ್ನು ಕಂಡ ಕಾಲೇಜಿನ ಹುಡುಗರು ತಮ್ಮ ಮನೆಯ ಕಾರಿಗೂ ಹೀಗೆ ಮಾಡಿಸಬೇಕೆಂದು ಬಯಸುವುದು ಸಹಜ. ಆ ಬಯಕೆಯನ್ನು ನಾವು ಹಳಿಯುವುದಿಲ್ಲ. ಯಂತ್ರದ ಮೇಲೆ ಕೈಯಿಡದೆ ಯಾರೂ ಯಂತ್ರವಿದ್ಯೆಯನ್ನು ಕಲಿತಿಲ್ಲ. ಆದರೆ ಗಾಲಿ, ಗಾಲಿಯ ಓರೆ, ಬಾನೆಟ್ಟಿನ ಕೀಲು ಎಂಬ ಈ ಮೂರು ಬದಲಾವಣೆಗಳು ಕೇವಲ ಅಲಂಕಾರವಲ್ಲ. ಒಂದೊಂದೂ ಬಲಗಳ ಹಂಚಿಕೆಯನ್ನು ಕದಲಿಸುತ್ತದೆ. ಆ ಲೆಕ್ಕ ತಪ್ಪಿದರೆ ಬೆಲೆ ತೆರುವವನು ಕಾರಿನ ಒಡೆಯನೊಬ್ಬನೇ ಅಲ್ಲ, ಎದುರಿಗೆ ಬರುವ ಚಕ್ಕಡಿಯವನೂ ಹೌದು. ಲೆಕ್ಕವಾದರೋ ಪ್ರೌಢಶಾಲೆಯ ಯಂತ್ರಶಾಸ್ತ್ರವನ್ನು ಮೀರಿದ್ದಲ್ಲ. ಅದನ್ನು ಮಾಡಿ ನೋಡೋಣ.

ಮೊದಲು ಚಕ್ಕಡಿಯನ್ನೇ ಗಮನಿಸಿರಿ. ರಬ್ಬರಿನ ಟೈರು ಬರುವ ಮುನ್ನ ಬಡಿಗನು ಗುಂಬ, ಅರ, ಸುತ್ತುಗಟ್ಟಿಗೆಗಳನ್ನು ಜೋಡಿಸಿ ಕೊಟ್ಟ ಗಾಲಿಗೆ ಕಮ್ಮಾರನು ಕಬ್ಬಿಣದ ಹಳಿಯನ್ನು ತೊಡಿಸುತ್ತಿದ್ದನು. ಹಳಿಯನ್ನು ಬೇಕೆಂದೇ ಗಾಲಿಗಿಂತ ತುಸು ಕಿರಿದಾಗಿ ಮಾಡುವುದು ಪದ್ಧತಿ. ಗಾಲಿಯ ವ್ಯಾಸ 1.4 ಮೀಟರು ಎಂದು ಹಿಡಿದರೆ ಹಳಿಯ ಸುತ್ತಳತೆ ಸುಮಾರು 4.4 ಮೀಟರು. ಒಂದು ಡಿಗ್ರಿ ಸೆಂಟಿಗ್ರೇಡು ಕಾವೇರಿದರೆ ಕಬ್ಬಿಣವು ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗ ಹಿಗ್ಗುತ್ತದೆ. ಆದ್ದರಿಂದ 500 ಡಿಗ್ರಿ ಕಾಯಿಸಿದ ಹಳಿಯ ಸುತ್ತಳತೆ ಸುಮಾರು 26 ಮಿಲಿಮೀಟರು, ಅಂದರೆ ಒಂದು ಅಂಗುಲದಷ್ಟು, ಹೆಚ್ಚುತ್ತದೆ. ಕೆಂಪಗೆ ಕಾದ ಹಳಿಯನ್ನು ಗಾಲಿಗೆ ತೊಡಿಸಿ ನೀರೆರೆದಾಗ ಅದು ಕುಗ್ಗಲು ಹವಣಿಸುತ್ತದೆ, ಕಟ್ಟಿಗೆ ಬಿಡುವುದಿಲ್ಲ. ಹೀಗೆ ಕುಗ್ಗಲಾರದೆ ಉಳಿದ ಕಬ್ಬಿಣದಲ್ಲಿ ಒಂದು ಬಿಗಿತ ನೆಲಸುತ್ತದೆ. ಗಾಲಿಯನ್ನು ಹಿಡಿದಿರುವುದು ಆ ಬಿಗಿತವೇ ಹೊರತು ಮೊಳೆಯಲ್ಲ.

ಗಾಲಿಯು ಅಚ್ಚಿನಿಂದ ಕಳಚದಂತೆ ತಡೆಯುವುದು ಬೇರೊಂದು ವಸ್ತು: ಕಡೆಗೀಲು. ಅದರಲ್ಲಿ ಬಿಗಿತವಿಲ್ಲ. ಅದು ತೂತಿನಲ್ಲಿ ಸಡಿಲವಾಗಿಯೇ ಕುಳಿತು ದಾರಿಗೆ ಅಡ್ಡ ನಿಂತಿರುತ್ತದೆ, ಅಷ್ಟೆ. ಬಿಗಿತದಿಂದ ಹಿಡಿಯುವುದು ಒಂದು, ಅಡ್ಡ ನಿಂತು ತಡೆಯುವುದು ಮತ್ತೊಂದು. ಈ ಎರಡು ಬಗೆಗಳನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಾರಿನ ಗಾಲಿಯ ನಟ್ಟು ಹಳಿಯ ಜಾತಿಯದು. ಬಾನೆಟ್ಟಿನ ಕೀಲು ಕಡೆಗೀಲಿನ ಜಾತಿಯದು.

ಗಾಲಿಯ ಅಳತೆ

ಕಾರಿನ ಟೈರಿನ ಮಗ್ಗುಲಲ್ಲಿ 185/65 ಆರ್ 15 ಎಂಬಂತಹ ಬರಹವನ್ನು ನೀವು ನೋಡಿರಬಹುದು. 185 ಎಂಬುದು ಮಿಲಿಮೀಟರುಗಳಲ್ಲಿ ಟೈರಿನ ಅಗಲ. 65 ಎಂಬುದು ಮಗ್ಗುಲಿನ ಎತ್ತರವು ಅಗಲದ ನೂರಕ್ಕೆ ಎಷ್ಟು ಪಾಲೆಂಬುದು. 15 ಎಂಬುದು ಅಂಗುಲಗಳಲ್ಲಿ ರಿಮ್ಮಿನ ವ್ಯಾಸ. ಹೀಗಾಗಿ ಇಡೀ ಗಾಲಿಯ ವ್ಯಾಸ 381 ಮತ್ತು 240.5 ಕೂಡಿ 621.5 ಮಿಲಿಮೀಟರು. ಇದರ ಸ್ಥಾನದಲ್ಲಿ 195/55 ಆರ್ 16 ಹಾಕಿದರೆ ವ್ಯಾಸ 620.9 ಆಗುತ್ತದೆ, ವ್ಯತ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ. 205/50 ಆರ್ 17 ಹಾಕಿದರೆ 636.8, ಅಂದರೆ ನೂರಕ್ಕೆ ಸುಮಾರು ಎರಡೂವರೆ ಪಾಲು ಹೆಚ್ಚು. ವೇಗದ ಮುಳ್ಳು 100 ತೋರಿಸುವಾಗ ಕಾರು ಮೊದಲು ಓಡುತ್ತಿದ್ದುದಕ್ಕಿಂತ ಅಷ್ಟು ಪಾಲು ವೇಗವಾಗಿ ಓಡುತ್ತಿರುತ್ತದೆ. ರಿಮ್ಮು ದೊಡ್ಡದಾದಂತೆ ಟೈರಿನ ಮಗ್ಗುಲು ತೆಳ್ಳಗಾಗುತ್ತದೆಂಬುದನ್ನೂ ಗಮನಿಸಿರಿ. ಮೊದಲಿನ ಟೈರಿನಲ್ಲಿ 120 ಮಿಲಿಮೀಟರು ಇದ್ದ ಗಾಳಿಯ ಮೆತ್ತೆ ಕೊನೆಯದರಲ್ಲಿ 102ಕ್ಕೆ ಇಳಿದಿದೆ. ಕಬ್ಬಿನ ಗಾಡಿಗಳು ಅಗೆದು ಹಾಕಿದ ದಾರಿಯಲ್ಲಿ ಆ 18 ಮಿಲಿಮೀಟರಿನ ಬೆಲೆ ರಿಮ್ಮು ಬಾಗಿದ ದಿನ ಗೊತ್ತಾಗುತ್ತದೆ.

ಇನ್ನು ಆಫ್‌ಸೆಟ್ಟು. ರಿಮ್ಮಿನ ಅಗಲದ ನಡುಗೆರೆಗೂ ಅದು ಗುಂಬಕ್ಕೆ ತಾಗುವ ಮುಖಕ್ಕೂ ಇರುವ ಅಂತರಕ್ಕೆ ಈ ಹೆಸರು. 6 ಅಂಗುಲ ಅಗಲದ, 45 ಮಿಲಿಮೀಟರು ಆಫ್‌ಸೆಟ್ಟಿನ ರಿಮ್ಮನ್ನು ತೆಗೆದು 7 ಅಂಗುಲ ಅಗಲದ, 38 ಮಿಲಿಮೀಟರು ಆಫ್‌ಸೆಟ್ಟಿನ ರಿಮ್ಮನ್ನು ಹಾಕಿದೆವೆಂದು ಭಾವಿಸೋಣ. ಒಂದು ಅಂಗುಲದ ಅರ್ಧ 12.7 ಮಿಲಿಮೀಟರು ಎರಡೂ ಕಡೆಗೆ ಬೆಳೆಯುತ್ತದೆ. ನಡುಗೆರೆ 7 ಮಿಲಿಮೀಟರು ಹೊರಕ್ಕೆ ಸರಿಯುತ್ತದೆ. ಆದಕಾರಣ ಹೊರ ಅಂಚು 19.7 ಮಿಲಿಮೀಟರು ಹೊರಗೆ ಬಂದು ಮಡ್‌ಗಾರ್ಡನ್ನು ಮುಟ್ಟಲು ನೋಡುತ್ತದೆ. ಒಳ ಅಂಚು 5.7 ಮಿಲಿಮೀಟರು ಒಳಗೆ ಸರಿದು ಸ್ಪ್ರಿಂಗಿನ ಕಂಬವನ್ನು ಸಮೀಪಿಸುತ್ತದೆ. ಅಂಗಡಿಯಲ್ಲಿ ರಿಮ್ಮನ್ನು ಕಣ್ಣಿಂದ ನೋಡಿ ಕೊಳ್ಳುವವರು ಈ ಎರಡು ಕಳೆಯುವ ಕೂಡುವ ಲೆಕ್ಕಗಳನ್ನು ಕಾಗದದ ಮೇಲೆ ಮಾಡಿದ್ದರೆ ಎಷ್ಟೋ ಹಣ ಉಳಿಯುತ್ತಿತ್ತು.

ಗಾಲಿ ಹೊರಕ್ಕೆ ಸರಿದಾಗ ಇನ್ನೊಂದು ಬದಲಾವಣೆ ಕಣ್ಣಿಗೆ ಕಾಣದಂತೆ ನಡೆಯುತ್ತದೆ. ಮುಂಗಾಲಿ ಎಡಬಲಕ್ಕೆ ತಿರುಗುವುದು ಒಂದು ಓರೆಯಾದ ಅಕ್ಷದ ಸುತ್ತ. ಆ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರುವ ದೂರ ಒಂದು ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಕಾರ್ಖಾನೆಯವರು ಅದನ್ನು ಕೆಲವೇ ಮಿಲಿಮೀಟರುಗಳಿಗೆ ಮಿತಿಗೊಳಿಸಿರುತ್ತಾರೆ. ಗಾಲಿ ಹೊರಕ್ಕೆ ಸರಿದಷ್ಟೂ ಈ ಅಳತೆ ಕದಲುತ್ತದೆ. ಆಗ ಎಡಗಾಲಿಗಳು ದಾರಿಯಂಚಿನ ಮೊರಮಿನ ಮೇಲೂ ಬಲಗಾಲಿಗಳು ಡಾಂಬರಿನ ಮೇಲೂ ಇರುವಾಗ ಬ್ರೇಕು ಒತ್ತಿದರೆ ಸ್ಟಿಯರಿಂಗು ಕೈಯಿಂದ ಕಿತ್ತುಕೊಂಡು ಒಂದು ಕಡೆಗೆ ಎಳೆಯಬಹುದು.

ಗಾಲಿಯ ತೂಕದ ವಿಷಯದಲ್ಲಿ ಗ್ಯಾರೇಜುಗಳಲ್ಲಿ ಒಂದು ಮಾತು ಪ್ರಚಾರದಲ್ಲಿದೆ: ಗಾಲಿಯಲ್ಲಿ ಉಳಿಸಿದ ಒಂದು ಕಿಲೋ ಮೈಯಲ್ಲಿ ಉಳಿಸಿದ ನಾಲ್ಕು ಕಿಲೋಗಳಿಗೆ ಸಮ ಎಂದು. ಇದು ಉತ್ಪ್ರೇಕ್ಷೆ. ಉರುಳುವ ವಸ್ತುವಿಗೆ ಮುಂದೆ ಸಾಗುವ ಚಲನಶಕ್ತಿಯಲ್ಲದೆ ತಿರುಗುವ ಚಲನಶಕ್ತಿಯೂ ಇರುತ್ತದೆಂಬುದು ನಿಜ. ಆದರೆ ತೂಕವೆಲ್ಲ ಟೈರಿನ ಹೊರ ಮೈಯಲ್ಲೇ ಇದ್ದರೂ ಮೊತ್ತ ಇಮ್ಮಡಿಯನ್ನು ಮೀರದು. 16 ಅಂಗುಲದ ರಿಮ್ಮಿನ ಅಂಚು ಕೇಂದ್ರದಿಂದ 203 ಮಿಲಿಮೀಟರು ದೂರದಲ್ಲಿದೆ, ಟೈರಿನ ಹೊರ ಮೈ 310ರಲ್ಲಿದೆ; ಇವುಗಳ ನಿಷ್ಪತ್ತಿಯ ವರ್ಗ 0.43. ಆದ್ದರಿಂದ ರಿಮ್ಮಿನ ಅಂಚಿನ ಒಂದು ಕಿಲೋ, ವೇಗವರ್ಧನೆಯ ಮಟ್ಟಿಗೆ, 1.43 ಕಿಲೋಗಳಿಗೆ ಸಮ. ಹಗುರ ಗಾಲಿಯ ನಿಜವಾದ ಲಾಭ ಬೇರೆ ಕಡೆ ಇದೆ: ಅದು ಉಬ್ಬುತಗ್ಗುಗಳನ್ನು ಬೇಗ ಅನುಸರಿಸಿ ನೆಲವನ್ನು ಬಿಡದೆ ಹಿಡಿಯುತ್ತದೆ.

ನಟ್ಟಿನ ಬಿಗಿತ

ಈಗ ಹಳಿಯ ಜಾತಿಯ ವಸ್ತುವಿಗೆ ಬಂದೆವು. ಗಾಲಿಯ ನಟ್ಟು ಬೋಲ್ಟುಗಳು ಕಾರಿನ ಭಾರವನ್ನು ಹೊರುತ್ತವೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ನಟ್ಟನ್ನು ತಿರುಗಿಸಿದಾಗ ಬೋಲ್ಟು ಹಿಗ್ಗುತ್ತದೆ. ಹಿಗ್ಗಿದ ಬೋಲ್ಟು ಕುಗ್ಗಲೆತ್ನಿಸಿ ರಿಮ್ಮನ್ನು ಗುಂಬದ ಮುಖಕ್ಕೆ ಒತ್ತುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಗಾಲಿಯನ್ನು ಜಾರದಂತೆ ಹಿಡಿದಿರುತ್ತದೆ.

ಎಷ್ಟು ಒತ್ತಡವೆಂಬುದನ್ನು ಸ್ಥೂಲವಾಗಿ ಎಣಿಸೋಣ. 12 ಮಿಲಿಮೀಟರಿನ ಬೋಲ್ಟಿನ ನಟ್ಟನ್ನು 100 ನ್ಯೂಟನ್ ಮೀಟರು ತಿರುಚುಬಲದಿಂದ ಬಿಗಿದರೆ, ಆ ಬಲದ ಬಹುಭಾಗ ಘರ್ಷಣೆಯಲ್ಲಿ ವ್ಯಯವಾಗಿಯೂ, ಬೋಲ್ಟಿನಲ್ಲಿ ಸುಮಾರು 42,000 ನ್ಯೂಟನ್ನುಗಳ ಎಳೆತ ಉಂಟಾಗುತ್ತದೆ. ಇದು ನಾಲ್ಕು ಟನ್ನುಗಳಿಗೂ ಮಿಕ್ಕ ಭಾರಕ್ಕೆ ಸಮ. ನಾಲ್ಕು ನಟ್ಟುಗಳಿಗೆ 1,67,000 ನ್ಯೂಟನ್ನುಗಳು. ಲೋಹದ ಮುಖಗಳ ನಡುವಣ ಘರ್ಷಣಾಂಕವನ್ನು 0.15 ಎಂದು ಹಿಡಿದರೆ ಗಾಲಿಯನ್ನು ಹಿಡಿದಿರುವ ಬಲ 25,000 ನ್ಯೂಟನ್ನು.

ಇಷ್ಟು ಬೇಕೇ? ಬಲವಾಗಿ ಬ್ರೇಕು ಒತ್ತಿದಾಗ ಒಂದು ಮುಂಗಾಲಿಯ ಮೇಲೆ 350 ಕಿಲೋ ಭಾರ ಬಿದ್ದಿದೆಯೆನ್ನೋಣ. ಒಳ್ಳೆಯ ಡಾಂಬರಿನ ಮೇಲೆ ನೆಲವು ಸುಮಾರು ಅಷ್ಟೇ ಬಲದಿಂದ, ಅಂದರೆ 3,400 ನ್ಯೂಟನ್ನುಗಳಿಂದ, ಟೈರನ್ನು ಹಿಂದಕ್ಕೆ ಎಳೆಯಬಲ್ಲದು. ಈ ಬಲ ಕೇಂದ್ರದಿಂದ 0.31 ಮೀಟರು ದೂರದಲ್ಲಿ ವರ್ತಿಸುತ್ತದೆ. ಬೋಲ್ಟುಗಳಾದರೋ ಕೇಂದ್ರದಿಂದ ಕೇವಲ 0.05 ಮೀಟರು ದೂರದಲ್ಲಿವೆ. ಸನ್ನೆಗೋಲಿನ ನಿಯಮದಂತೆ ಅಲ್ಲಿ ಬೇಕಾಗುವ ಬಲ ಸುಮಾರು 21,000 ನ್ಯೂಟನ್ನು. ಇರುವುದು 25,000, ಬೇಕಾದುದು 21,000. ಅಂತರ ಎಷ್ಟು ಕಿರಿದು! ನಾಲ್ಕರಲ್ಲಿ ಒಂದು ನಟ್ಟು ಸಡಿಲವಾದರೆ ಉಳಿಯುವುದು 19,000ಕ್ಕೂ ಕಡಿಮೆ. ಆಗ ಗಾಲಿ ಪ್ರತಿ ಬ್ರೇಕಿಗೂ ಕೂದಲೆಳೆಯಷ್ಟು ಜಾರತೊಡಗುತ್ತದೆ. ಜಾರಿದಂತೆ ಉಳಿದ ನಟ್ಟುಗಳೂ ಬಿಚ್ಚಿಕೊಳ್ಳುತ್ತವೆ. ಹೊರಬೇಕಾಗಿಲ್ಲದ ಬಾಗುಬಲವನ್ನು ಹೊತ್ತ ಬೋಲ್ಟುಗಳು ದಣಿದು ಮುರಿಯುತ್ತವೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮ ದೃಷ್ಟಿಯಲ್ಲಿ ಈ ಲೇಖನದ ಮುಖ್ಯ ಅಂಶವೇ ಅದು. 42,000 ನ್ಯೂಟನ್ನುಗಳ ಎಳೆತಕ್ಕೆ ಒಳಗಾದ ಬೋಲ್ಟು ಎಷ್ಟು ಹಿಗ್ಗಿರುತ್ತದೆ? ಬಿಗಿತಕ್ಕೆ ಸಿಕ್ಕಿದ ಭಾಗದ ಉದ್ದ 30 ಮಿಲಿಮೀಟರು ಎಂದಿಟ್ಟುಕೊಂಡು ಯಂಗನ ಗುಣಾಂಕದಿಂದ ಎಣಿಸಿದರೆ ಉತ್ತರ 0.07 ಮಿಲಿಮೀಟರು ಮಾತ್ರ. ಒಂದು ಕಾಗದದ ಹಾಳೆಗಿಂತಲೂ ಕಿರಿದಾದ ಹಿಗ್ಗು! ಗಾಲಿಯ ಬಿಗಿತವೆಲ್ಲ ಆ ಹಿಗ್ಗಿನಲ್ಲಿ ಅಡಗಿದೆ. ಈಗ ಹೊಸ ರಿಮ್ಮಿನ ಒಳಮುಖಕ್ಕೆ ಚೆಂದಕ್ಕೆಂದು ಬಳಿದ ಬಣ್ಣದ ಪದರವನ್ನು ನೆನೆಯಿರಿ. ಅದರ ದಪ್ಪವೂ ಹೆಚ್ಚು ಕಡಿಮೆ ಇಷ್ಟೇ. ಓಡಾಟದ ಬಿಸಿಗೆ, ಒತ್ತಡಕ್ಕೆ ಆ ಬಣ್ಣ ಮೆತ್ತಗಾಗಿ ಹಿಂಡಿಹೋದರೆ, ನಟ್ಟು ಒಂದು ಕೂದಲಿನಷ್ಟೂ ತಿರುಗದೆಯೇ ಬಿಗಿತ ಮಾಯವಾಗುತ್ತದೆ. ಗುಂಬದ ಮುಖದ ತುಕ್ಕಿಗೂ, ನಡುವೆ ಸಿಕ್ಕಿದ ಮರಳಿನ ಕಣಕ್ಕೂ ಇದೇ ಮಾತು ಸಲ್ಲುತ್ತದೆ. ಹೊಸ ಗಾಲಿ ಹಾಕಿದ ಮೇಲೆ ಐವತ್ತು ನೂರು ಕಿಲೋಮೀಟರು ಓಡಿಸಿ ಮತ್ತೆ ತಿರುಚುಬಲದ ಪಾನದಿಂದ ಪರೀಕ್ಷಿಸಬೇಕೆಂದು ಹೇಳುವುದು ಇದಕ್ಕಾಗಿಯೇ.

ನಟ್ಟಿನ ತಲೆಯ ಆಕಾರವೂ ಕಡೆಗಣಿಸತಕ್ಕುದಲ್ಲ. ಕೆಲವು ರಿಮ್ಮುಗಳ ತೂತಿನ ಅಂಚು ಶಂಕುವಿನ ಆಕಾರದ್ದು, ಕೆಲವುಗಳದು ಗೋಲದ ಆಕಾರದ್ದು. ಒಂದಕ್ಕೆ ಇನ್ನೊಂದರ ನಟ್ಟನ್ನು ಹಾಕಿದರೆ ಮುಖಕ್ಕೆ ಮುಖ ಕೂಡದೆ ಒಂದು ತೆಳುಗೆರೆಯ ಮೇಲೆ ಮಾತ್ರ ತಾಗುತ್ತದೆ. ಅಲ್ಯುಮಿನಿಯಂ ಅಲ್ಲಿ ನಜ್ಜಾಗುತ್ತದೆ. ಗಾಲಿಯ ನಡುತೂತು ಗುಂಬಕ್ಕಿಂತ ದೊಡ್ಡದಾಗಿದ್ದರೆ ಸರಿಹೊಂದುವ ಉಂಗುರ ಹಾಕಿ ಕೇಂದ್ರಕ್ಕೆ ಕೂರಿಸಬೇಕು. ಗಾಲಿಯನ್ನು ಹೊರಕ್ಕೆ ತಳ್ಳಲು ನಡುವೆ ಬಿಲ್ಲೆ ಇಡುವವರು, ನಟ್ಟಿನೊಳಗೆ ಬೋಲ್ಟಿನ ಸುತ್ತು ಕಡಿಮೆಯೆಂದರೂ ಅದರ ವ್ಯಾಸದಷ್ಟು ಉದ್ದ ಹೊಕ್ಕಿದೆಯೇ ಎಂದು ನೋಡಲೇಬೇಕು.

ಗಾಲಿಯ ಓರೆ

ಗಾಲಿಯು ನೆಟ್ಟಗೆ ನಿಂತು ನೇರವಾಗಿ ಉರುಳುತ್ತದೆಂದು ತಿಳಿಯುವುದು ತಪ್ಪು. ಅದರ ನಿಲುವಿನಲ್ಲಿ ಮೂರು ಬಗೆಯ ಓರೆಗಳುಂಟು. ಗ್ಯಾರೇಜಿನವರು ಅವುಗಳನ್ನು ಕ್ಯಾಸ್ಟರು, ಕ್ಯಾಂಬರು, ಟೋ ಎಂದು ಕರೆಯುತ್ತಾರೆ.

ಕ್ಯಾಸ್ಟರನ್ನು ಸೈಕಲ್ಲಿನಲ್ಲಿ ನೋಡಬಹುದು. ಅದರ ಮುಂದಿನ ಕವಲು ಹಿಂದಕ್ಕೆ ಒರಗಿರುವುದರಿಂದ ಕೈಬಿಟ್ಟರೂ ಗಾಲಿ ನೇರಕ್ಕೆ ಬರಲು ನೋಡುತ್ತದೆ. ಕಾರಿನಲ್ಲಿಯೂ ತತ್ತ್ವ ಅದೇ. ಇದನ್ನು ಬದಲಿಸುವ ಸೌಕರ್ಯ ಸಾಮಾನ್ಯ ಕಾರುಗಳಲ್ಲಿ ಇರುವುದಿಲ್ಲವಾದ್ದರಿಂದ ಮುಂದೆ ಸಾಗೋಣ.

ಎದುರಿನಿಂದ ನೋಡಿದಾಗ ಗಾಲಿಯ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರು. ಇದು ಮೋಟಾರಿಗಿಂತ ಹಳೆಯದು. ಕುದುರೆಗಾಡಿಗಳ ಕಾಲದಲ್ಲಿಯೇ ಯೂರೋಪಿನ ಬಡಿಗರು ಗಾಲಿಯನ್ನು ತಟ್ಟೆಯಂತೆ ತುಸು ಕುಳಿಯಾಗಿಸಿ, ಅಚ್ಚಿನ ತುದಿಯನ್ನು ಕೆಳಕ್ಕೆ ಬಾಗಿಸಿ, ನೆಲಕ್ಕೆ ತಾಗುವ ಕೆಳಗಿನ ಅರವು ನೆಟ್ಟಗೆ ನಿಲ್ಲುವಂತೆ ಮಾಡುತ್ತಿದ್ದರು. ಅಲ್ಲಿ ಗಾಲಿಯ ತಲೆ ಹೊರಕ್ಕೆ ವಾಲುತ್ತಿತ್ತು. ಇಂದಿನ ವೇಗದ ಕಾರಿನಲ್ಲಿ ಅದು ಒಳಕ್ಕೆ ವಾಲುತ್ತದೆ. ಕಾರಣವೇನು? ತಿರುವಿನಲ್ಲಿ ಕಾರಿನ ಮೈ ಹೊರಗಡೆಗೆ ಹೊರಳುತ್ತದೆ. ಅದರೊಡನೆ ಹೊರಗಣ ಗಾಲಿಯೂ ಹೊರಕ್ಕೆ ವಾಲಿ ಟೈರಿನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಮೊದಲೇ ಎರಡು ಡಿಗ್ರಿ ಒಳಕ್ಕೆ ವಾಲಿಸಿಟ್ಟಿದ್ದರೆ ತಿರುವಿನಲ್ಲಿ ಗಾಲಿ ನೆಟ್ಟಗಾಗಿ ಟೈರಿನ ಇಡೀ ಮೈ ನೆಲವನ್ನು ಹಿಡಿಯುತ್ತದೆ. ಮದರಾಸಿನ ಬಳಿಯ ಶೋಲಾವರಂನಲ್ಲಿ ಹಿಂದೆ, 1990ರಿಂದೀಚೆಗೆ ಶ್ರೀಪೆರುಂಬುದೂರಿನ ಬಳಿಯ ಪಥದಲ್ಲಿ, ಕಾರುಗಳನ್ನು ಓಡಿಸುವವರಿಗೆ ಇದು ಸರಿಯಾದ ಏರ್ಪಾಡು. ಅಲ್ಲಿ ತಿರುವಿನ ಮೇಲೆ ತಿರುವು. ಆದರೆ ಸಂಕೇಶ್ವರ, ಹತ್ತರಗಿಗಳನ್ನು ಹಾದು ಬೆಳಗಾವಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕಾರು ಬಹುಪಾಲು ನೇರವಾಗಿಯೇ ಓಡುತ್ತದೆ. ನೇರ ದಾರಿಯಲ್ಲಿ ವಾಲಿದ ಗಾಲಿ ಒಳ ಅಂಚಿನ ಮೇಲೆ ನಿಂತಿರುತ್ತದೆ. ಟೈರು ಅಲ್ಲಿ ಸವೆಯುತ್ತದೆ. ಬ್ರೇಕಿನ ಹಿಡಿತ ತಗ್ಗುತ್ತದೆ. ನಾಲ್ಕೈದು ಡಿಗ್ರಿ ವಾಲಿಸಿ ಮೆರೆಯುವುದಕ್ಕೆ ಯಾವ ಯಂತ್ರಶಾಸ್ತ್ರದ ಬೆಂಬಲವೂ ಇಲ್ಲ.

ಮೇಲಿನಿಂದ ನೋಡಿದಾಗ ಎರಡು ಮುಂಗಾಲಿಗಳ ಮೂತಿಗಳು ಒಂದಕ್ಕೊಂದು ತುಸು ಸಮೀಪವಾಗಿಯೋ ದೂರವಾಗಿಯೋ ಇರುವುದು ಟೋ. ಮೂರರಲ್ಲಿ ಇದು ಅತ್ಯಂತ ಕಿರಿಯ ಕೋನ, ಅತ್ಯಂತ ದುಬಾರಿಯಾದದ್ದು. 16 ಅಂಗುಲದ ರಿಮ್ಮಿನ ಅಂಚಿನ ವ್ಯಾಸವನ್ನು 430 ಮಿಲಿಮೀಟರು ಎಂದು ಹಿಡಿಯೋಣ. ಅದರ ಮುಂಭಾಗ ಹಿಂಭಾಗಕ್ಕಿಂತ ಒಂದೇ ಮಿಲಿಮೀಟರು ಒಳಗಿದ್ದರೂ ಗಾಲಿಯು ಪ್ರತಿ 430 ಮಿಲಿಮೀಟರಿಗೆ ಒಂದು ಮಿಲಿಮೀಟರು ಪಕ್ಕಕ್ಕೆ ಹೋಗಲು ಬಯಸುತ್ತದೆ, ಜೊತೆಗಾಲಿ ಬಿಡುವುದಿಲ್ಲ. ಒಂದು ಕಿಲೋಮೀಟರಿಗೆ ಇದು 2.3 ಮೀಟರು. ಬೆಳಗಾವಿಯಿಂದ ಬೆಂಗಳೂರಿಗೆ ಸುಮಾರು 500 ಕಿಲೋಮೀಟರು. ಅಷ್ಟು ದೂರ ಓಡುವಷ್ಟರಲ್ಲಿ ಆ ಟೈರನ್ನು ಒಂದು ಕಿಲೋಮೀಟರಿಗೂ ಹೆಚ್ಚು ಅಡ್ಡಡ್ಡಲಾಗಿ ಎಳೆದಂತಾಯಿತು! ರಬ್ಬರು ಬಾಗುವ ವಸ್ತುವಾದ್ದರಿಂದ ಇದರ ಬಹುಭಾಗವನ್ನು ಬಾಗಿ ಸಹಿಸಿಕೊಳ್ಳುತ್ತದೆ, ಸಹಿಸಲಾರದ್ದು ಸವೆತವಾಗುತ್ತದೆ. ಒಂದು ಮಿಲಿಮೀಟರನ್ನು ಹಲವು ಕಾರುಗಳ ತಯಾರಕರೇ ಒಪ್ಪುತ್ತಾರೆ. ಆದರೆ ತಗ್ಗಿಸಿದ ಕಾರುಗಳಲ್ಲಿ ಅದು ಐದಾರು ಆಗಿರುವುದು ಅಪರೂಪವಲ್ಲ. ಸ್ಪ್ರಿಂಗನ್ನು ಕತ್ತರಿಸಿ ಅಥವಾ ಗಿಡ್ಡ ಸ್ಪ್ರಿಂಗು ಹಾಕಿ ಮೈಯನ್ನು ಇಳಿಸಿದಾಗ, ಸ್ಟಿಯರಿಂಗಿನ ದಂಡವೂ ಕೆಳತೋಳೂ ಬೇರೆ ಬೇರೆ ಕಂಸಗಳಲ್ಲಿ ಚಲಿಸುವ ಕಾರಣ, ಕ್ಯಾಂಬರು ಮಾತ್ರವಲ್ಲದೆ ಟೋ ಕೂಡ ತಾನಾಗಿ ಬದಲಾಗುತ್ತದೆ. ಇಂತಹ ಕಾರು ಪ್ರತಿ ಉಬ್ಬಿನ ಮೇಲೂ ಚಾಲಕನ ಅಪ್ಪಣೆಯಿಲ್ಲದೆ ತುಸು ತಿರುಗುತ್ತದೆ.

ಇವನ್ನು ಅಳೆಯಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಮನೆಯ ಅಂಗಳದಲ್ಲಿ ಹೀಗೆ ಮಾಡಿ ನೋಡಿರಿ. ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ನೆಲ ಮಟ್ಟವಾಗಿದೆಯೆಂದು ಖಚಿತಪಡಿಸಿಕೊಂಡು ಕಾರನ್ನು ನಿಲ್ಲಿಸಿ, ಸ್ಟಿಯರಿಂಗನ್ನು ನೇರಕ್ಕಿಟ್ಟು, ಮೈಯನ್ನು ಎರಡು ಸಲ ಒತ್ತಿ ಬಿಡಿರಿ. ಕಾರಿನ ಇಕ್ಕೆಲಗಳಲ್ಲೂ ಗಾಲಿಯ ನಡುವಿನ ಎತ್ತರಕ್ಕೆ ಒಂದೊಂದು ದಾರವನ್ನು ಮುಂದಿನಿಂದ ಹಿಂದಿನವರೆಗೆ ಬಿಗಿಯಾಗಿ ಕಟ್ಟಿರಿ. ಎರಡು ದಾರಗಳ ನಡುವಣ ಅಂತರ ಮುಂದೆಯೂ ಹಿಂದೆಯೂ ಒಂದೇ ಆಗಿರಬೇಕು. ಮುಂದಿನ ಜೋಡಿಯ ಗುಂಬಗಳು ತಮ್ಮ ತಮ್ಮ ದಾರಗಳಿಂದ ಸಮದೂರದಲ್ಲಿರಬೇಕು, ಹಿಂದಿನ ಜೋಡಿಯವೂ ಹಾಗೆಯೇ. ಈಗ ದಾರದಿಂದ ರಿಮ್ಮಿನ ಮುಂಚಿಗೂ ಹಿಂಚಿಗೂ ಇರುವ ದೂರವನ್ನು ಅಳೆಯಿರಿ. ಮುಂದಿನ ದೂರ ಹೆಚ್ಚಾಗಿದ್ದರೆ ಗಾಲಿಯ ಮೂತಿ ಒಳಕ್ಕಿದೆ. ಕ್ಯಾಂಬರಿಗಾದರೆ ಗಾರೆಯವರ ತೂಗುಗುಂಡು ಸಾಕು. ಗಾಲಿಯ ಮುಂದೆ ಅದನ್ನು ಇಳಿಬಿಟ್ಟು ದಾರದಿಂದ ರಿಮ್ಮಿನ ಮೇಲಂಚಿಗೂ ಕೆಳಂಚಿಗೂ ಇರುವ ದೂರವನ್ನು ನೋಡಿರಿ; 430 ಮಿಲಿಮೀಟರಿನ ವ್ಯಾಸದಲ್ಲಿ ಏಳೂವರೆ ಮಿಲಿಮೀಟರಿನ ವ್ಯತ್ಯಾಸ ಒಂದು ಡಿಗ್ರಿಗೆ ಸಮ. ಸರಿಪಡಿಸುವಾಗ ಕ್ಯಾಂಬರು ಮೊದಲು, ಟೋ ಕೊನೆಗೆ. ಕ್ಯಾಂಬರನ್ನು ಮುಟ್ಟಿದರೆ ಟೋ ಕೆಡುತ್ತದೆಯಾದ್ದರಿಂದ ಈ ಕ್ರಮವನ್ನು ತಿರುವುಮುರುವು ಮಾಡಿದವನು ಎರಡು ಸಲ ದುಡಿಯಬೇಕಾಗುತ್ತದೆ.

ಬಾನೆಟ್ಟಿನ ಕೀಲು

ಕಡೆಗೀಲಿನ ಜಾತಿಯ ವಸ್ತು ಉಳಿಯಿತು. ಬಾನೆಟ್ಟಿನ ಮೇಲೆ ಗಾಳಿ ಒತ್ತುವುದೆಂದೂ, ವೇಗ ಹೆಚ್ಚಿದಷ್ಟೂ ಅದು ಭದ್ರವಾಗುವುದೆಂದೂ ಎಣಿಸುವವರಿದ್ದಾರೆ. ನಡೆಯುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಕಾರಿನ ಮೂತಿಗೆ ಬಡಿದ ಗಾಳಿ ಮೇಲಕ್ಕೆ ಏರಿ ಬಾನೆಟ್ಟಿನ ಮುಂದಿನ ಅಂಚನ್ನು ದಾಟುವಾಗ ವೇಗಗೊಳ್ಳುತ್ತದೆ. ಬರ್ನೂಲಿಯ ನಿಯಮದಂತೆ ಅಲ್ಲಿ ಒತ್ತಡ ಇಳಿಯುತ್ತದೆ. ಅದೇ ವೇಳೆ ಮೂತಿಯ ಜಾಲರಿಯಿಂದ ಒಳನುಗ್ಗಿದ ಗಾಳಿ ಎಂಜಿನಿನ ಕೋಣೆಯಲ್ಲಿ ಒತ್ತಡವನ್ನು ಏರಿಸುತ್ತದೆ. ಕೆಳಗೆ ಹೆಚ್ಚು, ಮೇಲೆ ಕಡಿಮೆ: ಬಾನೆಟ್ಟು ಏಳಲು ನೋಡುತ್ತದೆ.

ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಗಾಳಿಯ ಚಲನಒತ್ತಡ ಚದರ ಮೀಟರಿಗೆ ಸುಮಾರು 460 ನ್ಯೂಟನ್ನು. ಮೇಲಿನ ಕೆಳಗಿನ ವ್ಯತ್ಯಾಸ ಇದರ ಹತ್ತರಲ್ಲಿ ಮೂರು ಪಾಲು ಎಂದೂ (ಇದು ಕಾರಿನಿಂದ ಕಾರಿಗೆ ಬದಲಾಗುವ ಅಂಕೆ, ನಾವು ಉದಾಹರಣೆಗಾಗಿ ಹಿಡಿದದ್ದು), ಬಾನೆಟ್ಟಿನ ವಿಸ್ತೀರ್ಣ ಒಂದು ಚದರ ಮೀಟರು ಎಂದೂ ಇಟ್ಟುಕೊಂಡರೆ ಮೇಲಕ್ಕೆತ್ತುವ ಬಲ 14 ಕಿಲೋ ತೂಕದಷ್ಟಾಗುತ್ತದೆ. ಉಕ್ಕಿನ ಬಾನೆಟ್ಟು 15 ಕಿಲೋ ತೂಗಿದರೆ ಗಾಳಿ ಅದರ ತೂಕವನ್ನು ಬಹುತೇಕ ಕಳೆದುಬಿಟ್ಟಿತು. ಅದನ್ನು ತೆಗೆದು 6 ಕಿಲೋದ ಫೈಬರಿನ ಬಾನೆಟ್ಟನ್ನು ಹಾಕಿದರೆ? 8 ಕಿಲೋ ಬಲ ಸದಾ ಮೇಲಕ್ಕೆ ಎತ್ತುತ್ತಲೇ ಇರುತ್ತದೆ. ಬಲವು ವೇಗದ ವರ್ಗದಂತೆ ಏರುವುದರಿಂದ 140ರಲ್ಲಿ ಎತ್ತುಬಲ ಇಮ್ಮಡಿಯಾಗುತ್ತದೆ.

ಮುಂದಿನ ಅಂಚು ನಾಲ್ಕು ಬೆರಳು ತೆರೆದುಕೊಂಡಿತೆಂದರೆ ಲೆಕ್ಕವೇ ಬೇರೆ. ಎದುರುಗಾಳಿ ನೇರವಾಗಿ ಅಡಿಗೆ ಹೊಕ್ಕು ಪೂರ್ಣ ಒತ್ತಡದಿಂದ ಎತ್ತುತ್ತದೆ; 100ರಲ್ಲಿಯೇ 47 ಕಿಲೋ. ಒಂದು ಕ್ಷಣದಲ್ಲಿ ಬಾನೆಟ್ಟು ಮಗುಚಿ ಮುಂದಿನ ಗಾಜಿಗೆ ಅಪ್ಪಳಿಸುತ್ತದೆ. ಆ ವೇಗದಲ್ಲಿ ಕಾರು ಸೆಕೆಂಡಿಗೆ 28 ಮೀಟರು ಓಡುತ್ತಿರುವಾಗ ಚಾಲಕನಿಗೆ ಕಾಣುವುದು ಬಾನೆಟ್ಟಿನ ಒಳಮೈ ಮಾತ್ರ. ಕಾರ್ಖಾನೆಯ ಕಾರಿನಲ್ಲಿ ಮುಖ್ಯ ಚಿಲಕವಲ್ಲದೆ ಬೆರಳಿನಿಂದ ಬಿಡಿಸಬೇಕಾದ ಎರಡನೆಯ ಕೊಕ್ಕೆಯೊಂದನ್ನು ಇಟ್ಟಿರುವುದು ಈ ಒಂದು ಕ್ಷಣಕ್ಕಾಗಿ.

ಪಂದ್ಯದ ಕಾರುಗಳಲ್ಲಿ ಹಗುರ ಬಾನೆಟ್ಟಿಗೆ ಎರಡು ಅಥವಾ ನಾಲ್ಕು ಕೀಲುಗಳನ್ನು ಹಾಕುತ್ತಾರೆ. ರೇಡಿಯೇಟರಿನ ಮೇಲಣ ಅಡ್ಡಪಟ್ಟಿಗೆ ಒಂದು ಗೂಟ. ಬಾನೆಟ್ಟಿನಲ್ಲಿ ಅದು ಹೊರಬರುವ ತೂತು. ಗೂಟದ ತಲೆಯ ತೂತಿಗೆ ಅಡ್ಡ ತೂರಿಸುವ ತಂತಿಯ ಕೀಲು. ಚಕ್ಕಡಿಯ ಕಡೆಗೀಲೇ ಇಲ್ಲಿ ನೆಟ್ಟಗೆ ನಿಂತಿದೆ. ಉಕ್ರೇನಿನಿಂದ ಅಮೆರಿಕೆಗೆ ವಲಸೆ ಹೋದ ವಿಲಿಯಂ ಡ್ಜೂಸ್ ಎಂಬಾತನು 1930ರ ದಶಕದಲ್ಲಿ ವಿಮಾನಗಳ ತಗಡುಗಳಿಗಾಗಿ ಪ್ರಚಾರಕ್ಕೆ ತಂದ ಕಾಲುಸುತ್ತಿನ ತಿರುಪು ಇದರ ಇನ್ನೊಂದು ಬಗೆ. ಪಂದ್ಯದಲ್ಲಿ ಹೊರಗಿನ ಕೀಲಿಗೆ ಮತ್ತೂ ಒಂದು ಕಾರಣವುಂಟು. ಎಂಜಿನಿಗೆ ಬೆಂಕಿ ತಗಲಿದಾಗ ರಕ್ಷಕರು ಕಾರಿನೊಳಗೆ ಕೈಹಾಕದೆಯೇ ಬಾನೆಟ್ಟನ್ನು ತೆರೆಯಬಲ್ಲರು. ರಸ್ತೆಯ ಕಾರಿಗೆ ಈ ಅಗತ್ಯವಿಲ್ಲ. ಅಲ್ಲಿ ಮೂಲ ಚಿಲಕವನ್ನೂ ಎರಡನೆಯ ಕೊಕ್ಕೆಯನ್ನೂ ಕಿತ್ತು ಕೀಲು ಮಾತ್ರ ಇಡುವುದು ಶುದ್ಧ ಅವಿವೇಕವೆಂದು ನಮ್ಮ ಅಭಿಪ್ರಾಯ.

ಕೀಲು ಎಷ್ಟು ಗಟ್ಟಿ? 3 ಮಿಲಿಮೀಟರಿನ ಉಕ್ಕಿನ ತಂತಿ ಎರಡು ಕಡೆ ಕತ್ತರಿಸಬೇಕಾದರೆ ಅರ್ಧ ಟನ್ನಿಗೂ ಹೆಚ್ಚು ಬಲ ಬೇಕು. ನಮ್ಮ ಲೆಕ್ಕದ 47 ಕಿಲೋ ಅದರ ಹತ್ತನೆಯ ಒಂದು ಪಾಲೂ ಆಗದು. ಹಾಗಾದರೆ ಕೀಲು ಹಾಕಿದ ಬಾನೆಟ್ಟುಗಳು ಹಾರಿಹೋಗುವುದೇಕೆ? ಮುರಿಯುವುದು ಕೀಲಲ್ಲ, ಕೀಲು ನೆಟ್ಟ ನೆಲೆ. ಫೈಬರಿನ ಹಾಳೆಯಲ್ಲಿ ಬರಿಯ ತೂತು ಕೊರೆದು ಗೂಟವನ್ನು ಹಾಯಿಸಿದರೆ, ಕಬ್ಬಿನ ಲಾರಿಯನ್ನು ದಾಟುವಾಗ ಬೀಸುವ ಗಾಳಿಯ ಪ್ರತಿಯೊಂದು ಗುದ್ದಿಗೂ ತೂತಿನ ಅಂಚು ಬಿರಿಯುತ್ತ ಹೋಗುತ್ತದೆ. ಅಡಿಯಲ್ಲಿ ಅಂಗೈಯಗಲದ ಲೋಹದ ತಗಡನ್ನು ಕೂರಿಸಿ ಬಲವನ್ನು ಹಂಚಬೇಕು. ಗೂಟಗಳು ತೂತಿನ ನಡುವಿಗೆ ಬರುವಂತಿರಬೇಕು. ಒರಗಿಕೊಂಡು ನಿಂತ ಗೂಟವು ಹಾಳೆಯನ್ನು ಗರಗಸದಂತೆ ಕೊಯ್ಯುತ್ತದೆ. ಬಾನೆಟ್ಟಿನ ಅಡಿಯ ರಬ್ಬರು ಗುಂಡಿಗಳನ್ನು ತುಸು ಎತ್ತರಿಸಿ, ಕೀಲು ಹಾಕಿದಾಗ ಹಾಳೆ ಮೇಲೆ ಕೆಳಗೆ ಬಡಿದಾಡದಂತೆ ಮಾಡಬೇಕು. ತಲೆಯೆತ್ತಿದ ಗೂಟ ಪಾದಚಾರಿಗೆ ಅಪಾಯಕಾರಿ. ರಸ್ತೆಯ ಕಾರಿಗೆ ಮೈಮಟ್ಟದಲ್ಲಿ ಅಡಗಿ ಕೂರುವ ಬಗೆಯೇ ಲೇಸು.

ಕಾನೂನಿನ ಮಾತನ್ನೂ ಹೇಳಿಬಿಡೋಣ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕನ ಮೂಲ ನಿರ್ದೇಶಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಲು ಒಡೆಯನಿಗೆ ಅಧಿಕಾರವಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ನಿಯಮವನ್ನು ಎತ್ತಿಹಿಡಿಯಿತು. ಕೆಲಸಕ್ಕೆ ಕೈಹಾಕುವ ಮುನ್ನ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸತಕ್ಕದ್ದು.

ಈ ಲೆಕ್ಕಗಳನ್ನು ಸ್ವತಃ ಮಾಡಿ ನೋಡಬಯಸುವ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ. ಮೇಲೆ ಹೇಳಿದ ಕಾರಿನ ಬೋಲ್ಟುಗಳು ಕೇಂದ್ರದಿಂದ 50 ಮಿಲಿಮೀಟರು ದೂರದಲ್ಲಿಯೇ ಇದ್ದು, ನಾಲ್ಕರ ಬದಲು ಐದು ಇದ್ದಿದ್ದರೆ, ಒಂದು ನಟ್ಟು ಸಡಿಲವಾದ ಮೇಲೂ ಗಾಲಿ ಜಾರದೆ ನಿಲ್ಲುತ್ತಿತ್ತೇ? ಉತ್ತರ ಸಿಕ್ಕ ಬಳಿಕ ಅಂಗಳಕ್ಕೆ ಹೋಗಿ ನಿಮ್ಮ ಮನೆಯ ಕಾರಿಗೆ ಎಷ್ಟು ನಟ್ಟುಗಳಿವೆಯೆಂದು ಎಣಿಸಿ ನೋಡಿರಿ.